ಬಾಯಿ ಹೊಲಿದ ಕಿಸೆ

ಬೀದರಿಗೆ ಆ ವರ್ಷ ಜೂನಿನ ಮಿರಗದ ಮಳೆ ಹೇಳಿದ ದಿನಕ್ಕೇ ಬಂತು. ಭಾನುವಾರ ಮಧ್ಯಾಹ್ನ ಊರಾಚೆಯ ಕೊಳಾರದ ಕಡೆಯಿಂದ ಎದ್ದ ಮೋಡ ಐದು ಗಂಟೆಯ ಹೊತ್ತಿಗೆ ಊರನ್ನೆಲ್ಲ ಮುಚ್ಚಿ, ಕರೆಂಟು ಹೋಗಿ, ಮನೆಯೊಳಗೆ ಮೋಂಬತ್ತಿ ಹಚ್ಚುವಷ್ಟು ಕತ್ತಲಾಯಿತು. ಸುಗಂಧಾಳಿಗೆ ಮಳೆಯ ಕಡೆ ಲಕ್ಷ್ಯವಿರಲಿಲ್ಲ. ನಾಲ್ಕು ವರ್ಷದ ಮಗಳು ಯಶೂ ಮರುದಿನ ಮೊದಲ ಸಲ ಶಾಲೆಗೆ ಹೋಗಬೇಕಿತ್ತು. ಹೊಸ ಚೀಲ, ನೀರಿನ ಬಾಟಲಿ, ಬೂಟು ಎಲ್ಲ ತಂದಿಟ್ಟಾಗಿತ್ತು. ಆದರೆ ಶಾಲೆಯ ಹೆಸರು ಎತ್ತಿದರೆ ಸಾಕು, ಹುಡುಗಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು. ನಿನ್ನೆಯಿಂದ ಇದೇ ನಡೆದಿತ್ತು.

ಪಡಸಾಲೆಯಲ್ಲಿ ಗಂಡನ ಅಜ್ಜಿ ಭಾಗೀರಥಿಬಾಯಿ, ಮನೆಯವರಿಗೂ ಓಣಿಯವರಿಗೂ ಆಯಿ, ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳು. ಎಪ್ಪತ್ತೈದು ದಾಟಿದ ಜೀವ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಅಂಗಡಿಯ ಫರಾಕು ಮಕ್ಕಳ ಮೈಗೆ ಚುಚ್ಚುತ್ತದೆ, ಹಿರಿಯರು ಉಟ್ಟು ಒಗೆದು ಮೆತ್ತಗಾದ ಬಟ್ಟೆಯೇ ಬೇಕು ಅನ್ನುವುದು ಅವಳ ಹಟ. ಹಾಗಾಗಿ ಯಶೂಳ ಮನೆಯ ಉಡುಪೆಲ್ಲ ಅಪ್ಪನ ಅಂಗಿ, ಅವ್ವನ ಓಢಣಿ, ಅಜ್ಜನ ಧೋತರದಿಂದ ಆದದ್ದು. ಆ ದಿನ ಹುಡುಗಿಯ ಮೈಮೇಲಿದ್ದದ್ದು ಸುಗಂಧಾಳ ಹಳೆಯ ನೀಲಿ ಸೀರೆಯ ಫರಾಕು. ಆಯಿ ಅದನ್ನು ಅಂದೇ ಮಧ್ಯಾಹ್ನ ಮುಗಿಸಿ ತೊಡಿಸಿದ್ದಳು. ಬಲಗಡೆಗೆ ಮಾತ್ರ ಹಳದಿಗಟ್ಟಿದ ದಪ್ಪ ಬಟ್ಟೆಯ ಒಂದು ಕಿಸೆ, ಅದರ ಮೂಲೆಗೆ ಸುತಳಿಯ ಒರಟು ಹೊಲಿಗೆ. ಇಷ್ಟು ಚಂದದ ನೀಲಿಗೆ ಈ ತೇಪೆ ಯಾಕೆ ಎಂದು ಸುಗಂಧಾಳ ಬಾಯಿಗೆ ಬಂದಿತ್ತು. ಆಯಿಯ ಜೊತೆ ವಾದಕ್ಕಿಳಿಯುವುದು ಬೇಡವೆಂದು ನುಂಗಿಕೊಂಡಳು.

ಒಯ್ದಿದ್ದ ಡಬ್ಬಿ ಹಿಂದಿರುಗಿಸಲು ಬಂದ ಪಕ್ಕದ ಮನೆಯ ಖುರ್ಷಿದ ಬೇಗಂ ಇಬ್ಬರು ಹೆಣ್ಣುಮಕ್ಕಳ ಜೊತೆ ಮಳೆಗೆ ಸಿಕ್ಕಿಕೊಂಡು ಅಲ್ಲೇ ಕೂತಳು.

“ಆಯೀ, ಕರೆಂಟಿಲ್ಲ, ಟೀವಿ ಇಲ್ಲ, ಈ ಮಳ್ಯಾಗ ಮನಿಗಿ ಹೋಗೂ ಹಂಗೂ ಇಲ್ಲ. ಒಂದು ಕತಿ ಹೇಳ್ರಿ. ದೆವ್ವದ್ದರೆ ಇರಲಿ” ಎಂದಳು.

“ದೆವ್ವದ್ದಾ?” ಆಯಿ ಕನ್ನಡಕದ ಮೇಲಿಂದ ನೋಡಿದಳು. “ನೋಡವಾ ಬೇಗಂ, ನೀ ಬಂದು ಬಂದು ಯಾರ ಮನ್ಯಾಗ ಕೇಳ್ಲಕತ್ತಿ? ನಾವು ಬೌದ್ಧರು. ದೆವ್ವ, ಭೂತ, ಮಾಟ, ಮಂತ್ರ, ಒಂದನ್ನೂ ನಂಬಂಗಿಲ್ಲ.” ದಾರವನ್ನು ಹಲ್ಲಿನಿಂದ ಕಡಿದಳು. “ಆದ್ರ ಏನ್ ಮಾಡ್ತಿ... ಒಂದು ಮಾತ್ರ ನಮ್ಮನ್ನ ನಂಬಿ ಬಂದಿತ್ತು.”

ಖುರ್ಷಿದ ಬೇಗಮಳ ಮಕ್ಕಳು ಹತ್ತಿರ ಸರಿದು ಕೂತರು. ಸುಗಂಧಾ ಯಶೂಳನ್ನು ಕರೆದಳು. ಅವಳು ಚೌಕಟ್ಟು ಬಿಡಲಿಲ್ಲ.

“ಬರಾಂಗಿಲ್ಲೇನು? ಅಲ್ಲೇ ನಿಂತು ಅಳು. ಕಿವಿ ಅಂತೂ ತೆರದಾವ” ಎಂದು ಆಯಿ ಶುರುಮಾಡಿದಳು.

“ನಮ್ಮಪ್ಪ ಕಾಶೀರಾಮ, ಹಲಬರ್ಗಾದಂವ, ಭಾಲ್ಕಿ ಗಂಜಿನಾಗ, ಕಾಳಿನ ಪ್ಯಾಟ್ಯಾಗ, ಹಮಾಲ. ತಲಿ ಮ್ಯಾಲ ಜ್ವಾಳದ ಚೀಲ, ಎರಡೂ ಕೈ ಚೀಲಕ್ಕ, ಹಂಗಿದ್ದಾಗ ಆರು ವರ್ಷದ ನಾ ಜೋಡಿ ಹೊಂಟ್ರ ಅಂವಾ ನನ್ನ ಕೈ ಹ್ಯಾಂಗ ಹಿಡೀಬೇಕು? ಹೇಳ್ರಿ ನೋಡೂಣು? ‘ಬಾಗೀ, ಕಿಸೆ ಹಿಡಿ’ ಅಂತಿದ್ದ. ಮಾಂಜರಪಾಟದ ದಪ್ಪ ಅರಬೀದು ಉದ್ದನ ಅಂಗಿ, ಬಲಗಡಿ ಒಂದು ಕಿಸೆ. ಅದರಾಗ ಕೈ ತುರುಕಿ, ಅರಬಿ ಗಟ್ಟಿ ಹಿಡದು, ಅಂವ ಹೋದ ಕಡಿ ಹೋಗ್ತಿದ್ದೆ. ನಾ ಎಡವಿದಾಗೊಮ್ಮಿ ಜಗ್ಗಿ, ಜಗ್ಗಿ, ಕಿಸೆ ಮೂಲಿ ಹರದೇ ಹೋತು. ಹಮಾಲನ ಕೈಯಾಗ ಏನಿರ್ತದ? ಚೀಲ ಹೊಲಿಯೋ ದಬ್ಬಣ, ಸುತಳಿ. ಅದರಲೇ ಅಂಗಿ ಹೊಲಕೊಂಡು ಬಂದ! ನಮ್ಮವ್ವ ನೋಡಿ ನಕ್ಕಿದ್ದೇ ನಕ್ಕಿದ್ದು. ಆ ಹೊಲಿಗಿ ಓಣಿಗೆಲ್ಲ ತೋರಿಸಿ ಬಂದ್ಳು.

“ನಗಬೇಕಲ್ಲ ಮತ್ತ? ನಮ್ಮವ್ವ ಕೌಸಲ್ಯಾಬಾಯಿ ಅಂದ್ರ ಓಣಿಗೇ ಹೊಲಿಯಾಕಿ. ಹೊಸ ಅರಬಿ ಆಗ ಯಾರ ಕಡಿ ಇತ್ತು? ಒಂದು ಹಳೀ ಧೋತರ ತಂದು ಕೊಟ್ರ ಎರಡು ಝಬಲಾ, ಒಂದು ಚಡ್ಡಿ ತಗೀತಿದ್ಳು. ಸೀರಿ ಸೆರಗು ಜೀರ್ಣ ಆಗಿದ್ರೂ ಒಳಗಿನ ನೆರಿಗಿ ಗಟ್ಟಿ ಇರ್ತದ, ಅದರಾಗ ಒಂದು ಲಂಗಾ. ಮಷೀನು ಬಾಜೂ ಮನಿ ಮಹಮೂದಾ ಬೇಗಮ್‌ದು, ಕಲಿಸಿದಾಕಿನೂ ಆಕಿನೇ. ಆಕಿದೊಂದು ಕಟ್ಟಳಿ ಇತ್ತು. ಇದ್ದವರ ಅಂಗಿ ಹ್ಯಾಂಗರೆ ಕತ್ತರಸು. ಆದ್ರ ಸತ್ತವರ ಅಂಗಿ ಕೂಸಿಗಿ ಹೊಲಿಯೋದಾದ್ರ, ಕಾಲರ್ ಬಿಚ್ಚು, ತೋಳು ಬಿಚ್ಚು, ಕಿಸೆ ಬಿಚ್ಚು... ಮೂರೂ ಬಿಚ್ಚಿ, ಬರೇ ಅರಬಿ ಮಾಡಿಕೊಂಡು, ಆಮ್ಯಾಲ ಕತ್ತರಿ ಹಾಕು ಅಂತ. ಯಾಕಂದ್ರ ಮನಷಾ ಅಂಗ್ಯಾಗ ಹೊಗೋ ದಾರಿ ಅವೇ ಅಲ್ಲೇನು?

“ಇನ್ನೊಂದು ಮಾತು ಈಗೇ ಹೇಳಿಬಿಡ್ತೇನಿ, ಇಲ್ಲಂದ್ರ ಮುಂದ ನಿಮಗ ತಿಳಿಯಂಗಿಲ್ಲ. ನಮ್ಮವ್ವಗ ಒಬ್ಬಾಕಿ ತಂಗಿ ಇದ್ಳು, ಶಾಲುಬಾಯಿ. ಬೇಗಂ, ಹೆಂಡತಿ ತಂಗಿಗಿ ನಿಮ್ಮ ಮಾತಿನಾಗ ಏನಂತೀರಿ?”

“ಸಾಲಿ” ಎಂದಳು ಖುರ್ಷಿದ ಬೇಗಂ.

“ಹಾಂ, ಸಾಲಿ. ಗಂಜಿನ ಮಾತೆಲ್ಲ ದಖನೀ ಉರ್ದುನೇ, ಹಂಗಾಗಿ ನಮ್ಮಪ್ಪನ ಬಾಯಾಗೂ ಅದೇ. ಶಾಲು ಔರಾದದಿಂದ ಬಂದ್ಳಂದ್ರ ‘ನನ್ನ ಸಾಲಿ ಬಂದ್ಳು, ಚಹಾ ಇಡು’ ಅಂತ ಚ್ಯಾಷ್ಟಿ ಮಾಡಂವ. ನಾ ಐದು ವರ್ಷದಾಕಿ ಇದ್ದಾಗ ಆಕಿ ವಾಂತಿಭೇದಿ ಆಗಿ ಸತ್ತಿದ್ಳು. ಔರಾದದಾಗೇ ಮಣ್ಣು ಮಾಡಿದ್ರು, ಹದಿನೇಳು ವರ್ಷದ ಪೋರಿ... ಇನ್ನ ಓದು ಕಲಿಸೋ ಸಾಲಿ? ಅದಕ್ಕ ನಮ್ಮ ಓಣ್ಯಾಗ ಸಾಲಿ ಅಂತ ಯಾರ್ ಅಂತಿದ್ರು? ನಿಜಾಮನ ಕಾಲದಿಂದ ಮದರಸಾ, ಮದರಸಾ ಅಂತನೇ ರೂಢಿ. ನಮ್ಮವ್ವ ಅಂತೂ ಔರಾದ ಕಡಿ ಮರಾಠಿ ಮಾತಿನಾಕಿ. ಆಕಿ ಕನ್ನಡ ಹರಕು ಮುರುಕು.

“ಐವತ್ತಾರನೇ ಇಸವಿ ಅದು. ಹೈದರಾಬಾದ ರಾಜ್ಯ ಮೂರು ಹೋಳಾಗ್ತದಂತ, ಉದಗೀರ ಬೊಂಬಾಯಿಗಂತ, ಜಹೀರಾಬಾದ ಆಂಧ್ರಕ್ಕಂತ, ನಾವು ಮೈಸೂರಿಗಂತ... ಗಂಜಿನಾಗ ಬರೇ ಅದೇ ಮಾತು. ಗಂಜಿನಾಗ ಲೆಕ್ಕಾ ಬರಿಯೋ ಮುನ್ಶಿ ಮುನೀರೋದ್ದೀನ ಸಾಹೇಬ್ರು ನಮ್ಮಪ್ಪಗ ಹೇಳಿದ್ರು, ಔರಾದ ದಾರ್ಯಾಗ ಹೊಸಾ ಕನ್ನಡ ಸಾಲಿ ತೆರೀತಾರ, ಹೆಣ್ಣುಮಕ್ಕಳಿಗೂ ತಗೋತಾರ, ಅಂತ. ಅಂವಾ ಚೀಲ ಹೊತ್ತು ಹೊಂಟಾಗ ಕೆಳಗ ನೋಡದೇ ಅಂದ, ‘ಬಾಗೀ, ಮೈಸೂರು ಆದ ಮ್ಯಾಲ ನಿನ್ನ ಸಾಲಿಗಿ ಕರಕೊಂಡು ಹೋಗ್ತೇನಿ. ಅವ್ವಗ ಈಗ ಹೇಳಬ್ಯಾಡ, ಹೋಗಿ ಬಂದು ಇಬ್ಬರೂ ಕೂಡಿ ಹೇಳೂಣು.’ ನಾ ಹೂಂ ಅಂದೆ. ಸಾಲಿ ಅಂದ್ರ ಏನು, ಅಲ್ಲಿ ಏನಿರ್ತದ, ನನಗೇನು ಗೊತ್ತು? ಅಪ್ಪ ಒಯ್ಯೋ ಜಾಗಾ, ಚಂದೇ ಇರ್ತದ ಅಂತ ತಿಳಕೊಂಡಿದ್ದೆ.

“ದಸರಾ ಮುಗದು ಎಂಟು ದಿನ ಆಗಿದ್ದಿಲ್ಲ. ಗೋದಾಮಿನಾಗ ಒಂದರ ಮ್ಯಾಲೊಂದು ಒಟ್ಟಿದ ಚೀಲದ ಥಪ್ಪಿ ಜಾರಿ ನಮ್ಮಪ್ಪನ ಮ್ಯಾಲ ಬಿತ್ತು. ಥಪ್ಪಿ ಹಚ್ಚೋವಾಗ ಅಂಗಿ ತಗದು ಗೂಟಕ್ಕ ಹಾಕ್ತಿದ್ದ ಅಂವ, ಹೊಲಸಾಗಬಾರ್ದು ಅಂತ. ಮುನ್ಶಿ ಸಾಹೇಬ್ರು ಅದನ್ನ ಮಡಚಿ ತಂದು ಅವ್ವನ ಕೈಯಾಗ ಕೊಟ್ರು. ಒಂದು ಕಲಿ ಇದ್ದಿಲ್ಲ, ಒಂದು ಹರಕ ಇದ್ದಿಲ್ಲ. ಹೊಂಟಾಗ ಹ್ಯಾಂಗಿತ್ತೋ ಹಂಗೇ... ಅಂವ ಬರಲಿಲ್ಲ, ಅಂಗಿ ಬಂತು.”

ಆಯಿ ಸೂಜಿಗೆ ಮತ್ತೆ ದಾರ ಪೋಣಿಸಿದಳು. ಹೊರಗೆ ಮಳೆ ತಗಡಿನ ಪತ್ರಾಸಿನ ಮೇಲೆ ಸುರಿಯುತ್ತಿತ್ತು. ಸುಗಂಧಾ ಈ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಆಯಿ ತನ್ನ ಅಪ್ಪನ ಮಾತು ಎತ್ತಿದ್ದನ್ನು ಇದೇ ಮೊದಲು ಕೇಳುತ್ತಿದ್ದಳು.

“ನವೆಂಬರ್ ಒಂದಕ್ಕ ಕಚೇರಿ ಮುಂದ ಹುಡುಗರಿಗೆಲ್ಲ ಪೇಢಾ ಹಂಚತಾರ, ಎಲ್ಲರೂ ಚಂದ ಹಾಕ್ಕೊಂಡು ಬರ್ರಿ ಅಂತ ಡಂಗುರ ಸಾರಿದ್ರು. ಓಣಿಗೆಲ್ಲ ಹೊಲದು ಕೊಡೋ ನಮ್ಮವ್ವನ ಮಗಳಿಗಿ ಒಂದು ಇಡೀ ಫರಾಕು ಇದ್ದಿಲ್ಲ. ಮನ್ಯಾಗ ಇದ್ದ ಗಟ್ಟಿ ಅರಬಿ ಅದೊಂದೇ. ಅವ್ವ ಅಂಗಿ ತೊಡಿ ಮ್ಯಾಲ ಹಾಕ್ಕೊಂಡು ಕುಂತ್ಳು. ಕಾಲರ್ ಬಿಚ್ಚಿದ್ಳು. ತೋಳು ಬಿಚ್ಚಿದ್ಳು. ಕಿಸೆಗಿ ಬಂದಾಗ ಕೈ ನಿಂತು ಹೋತು... ಆ ಸುತಳಿ ಹೊಲಿಗಿ ಇತ್ತಲ್ಲ? ಅಂವ ತನ್ನ ಕೈಲೆ ಹೊಲದದ್ದು ಈ ಜಗತ್ತಿನಾಗ ಅದೊಂದೇ. ನಕ್ಕಾಡಿದ್ದ ಹೊಲಿಗಿ ಹಿಡಕೊಂಡು ಅಳಲಿಕ್ಕೆ ಹತ್ತಿದ್ಳು. ಹ್ಯಾಂಗ ಬಿಚ್ಚ್ಯಾಳು? ನೀವಾದ್ರ ಬಿಚ್ಚತಿದ್ರೇನು? ಮಹಮೂದಾ ಬೇಗಂ ‘ಕೌಸಲ್ಯಾ, ಬಿಚ್ಚವಾ, ಬಿಚ್ಚು’ ಅಂತ ಎರಡು ಸಲ ಅಂದ್ಳು. ಅವ್ವ ಕೇಳಲಿಲ್ಲ. ಕಿಸೆ ಇದ್ದಂಗೇ ಇಟ್ಟು ಸುತ್ತ ಫರಾಕು ಹೊಲದ್ಳು.

“ಅದನ್ನ ಹಾಕ್ಕೊಂಡು ಕಚೇರಿ ಮುಂದ ಹೋದೆ. ಯಾರೋ ದೊಡ್ಡ ಮನಷಾ ಭಾಷಣ ಮಾಡಿದ, ಪೇಢಾ ಕೊಟ್ರು. ಅರ್ಧಾ ತಿಂದು, ಅರ್ಧಾ ಅವ್ವಗ ಒಯ್ಯೂಣು ಅಂತ ಕಿಸೇದಾಗ ಕೈ ಹಾಕಿದೆ.

“ಒಳಗ ಕೈ ಇತ್ತು.”

ಖುರ್ಷಿದ ಬೇಗಮಳ ಕಿರಿಯ ಮಗಳು ಅವ್ವನ ತೋಳು ಹಿಡಿದಳು. ಆಯಿ ರೇಗಿದಳು. “ಯಾಕ ಹೆದರತಿ? ಆರು ವರ್ಷದ ನಾನೇ ಹೆದರಲಿಲ್ಲ. ಅಪ್ಪನ ಕೈಗಿ ಯಾರರೆ ಹೆದರತಾರೇನು? ಒರಟ ಕೈ, ಹೆಬ್ಬೆರಳಿನ ಬುಡಕ ಸುತಳಿ ಜಗ್ಗಿ ಜಗ್ಗಿ ಬಿದ್ದ ಗಟ್ಟಿ ಗಂಟು, ಅದನ್ನ ನಾ ಗುರ್ತು ಹಿಡಿಯಂಗಿಲ್ಲೇನು? ನನ್ನ ನಾಲ್ಕೂ ಬೆರಳು ಮೆತ್ತಗ ಹಿಡಕೊಂಡು ಒಂದು ಸಲ ಜಗ್ಗಿತು. ಹೋಗೂಣು ನಡಿ ಅಂದಂಗ. ಜೀವ ಇದ್ದಾಗ ಎರಡೂ ಕೈ ಚೀಲಕ್ಕೇ ಇರ್ತಿದ್ವು, ನನ್ನ ಕೈ ಹಿಡದದ್ದು ಕಡಿಮಿ. ಸತ್ತ ಮ್ಯಾಲ ಅಂವಗ ಕೈ ಖಾಲಿ ಆಗಿದ್ವು ನೋಡ್ರಿ...

“ಆ ದಿನದಿಂದ ಊಟ ಆದ ಮ್ಯಾಲ ದಿನಾ ನಾ ಫರಾಕು ಹಾಕ್ಕೊಂಡು, ಕಿಸೇದಾಗ ಕೈ ಇಟ್ಟು ಹೊಂಡ್ತಿದ್ದೆ, ದಿನಾ ಇನ್ನಷ್ಟು ದೂರ ಹೋಗಿ ತಿರುಗಿ ಬರ್ತಿದ್ದೆ. ‘ಕೌಸಲ್ಯಾ, ನಿನ್ನ ಮಗಳು ಒಂದು ಕಡಿ ವಾಲಿ ನಡೀತಾಳ, ತನ್ನಷ್ಟಕ್ಕೇ ಮಾತಾಡ್ತಾಳ’ ಅಂತ ಓಣಿಯವರು ಹೇಳಿದ್ರು. ಒಂದಿನ ಅವ್ವ ಹಿಂದ ಬಂದ್ಳು. ಊರು ದಾಟಿ, ಔರಾದ ದಾರಿ ಹುಣಸಿ ಮರದ ತನಕಾ ಬಂದು ನನ್ನ ರಟ್ಟಿ ಹಿಡದ್ಳು. ‘ಎಲ್ಲಿಗಿ ಹೊಂಟಿ?’ ಅಂದ್ಳು. ‘ಅಪ್ಪನ ಜೋಡಿ’ ಅಂದೆ. ಅವ್ವನ ಮಾರಿ ಬಿಳಿಚಿತು. ‘ಅಪ್ಪ ಎಲ್ಲಿಗಿ ಒಯ್ತಾನ?’ ಅಂದ್ಳು.

“ನಾ ಏನಂದೆ? ನನಗ ಗೊತ್ತಿದ್ದದ್ದೇ ಅಂದೆ. ‘ಸಾಲಿ ಕಡಿ’ ಅಂದೆ.”

“ಅಯ್ಯೋ ಅಲ್ಲಾ” ಎಂದಳು ಖುರ್ಷಿದ ಬೇಗಂ.

“ಹೌದವಾ. ಆಕಿಗಿ ಗೊತ್ತ ಇದ್ದ ಸಾಲಿ ಒಬ್ಬಾಕಿನೇ. ಔರಾದ ಮಣ್ಣಾಗ ಮಲಗಿದಾಕಿ. ದಾರಿನೂ ಔರಾದದ್ದೇ. ಗಂಡ ಬಂದು ಕೂಸಿನ್ನ ಸತ್ತವರ ಕಡಿ ಒಯ್ಲಿಕ್ಕೆ ಹತ್ಯಾನ ಅಂತ ತಿಳಿದ್ಳು. ನನ್ನ ಕೈ ಕಿಸೇದಿಂದ ಕಿತ್ತು ತಗದು, ಓಡಿಸ್ಕೋತ ಮನಿಗಿ ತಂದು, ಫರಾಕು ಬಿಚ್ಚಿ, ಅಂವಂದೇ ದಬ್ಬಣ, ಅಂವಂದೇ ಸುತಳಿ ತಗೊಂಡು ಕಿಸೆ ಬಾಯಿ ಹೊಲಿಲಿಕ್ಕೆ ಕುಂತ್ಳು. ನಾ ಚೀರತಿದ್ದೆ. ಆಕಿ ಹೊಲಕೋತ ಅಂವನ ಜೋಡಿ ಮಾತಾಡ್ತಿದ್ಳು. ‘ನಿನಗ ಅಲ್ಲೇ ನಿನ್ನ ಸಾಲಿ ಸಿಕ್ಕಾಳಲ್ಲ? ಮತ್ತ ನನ್ನ ಕೂಸು ಯಾಕ ಬೇಕು? ನಾ ಒಬ್ಬಾಕಿ ಉಳದೇನಿ, ಈಕಿನ್ನೂ ಒಯ್ದ್ರ ನಾ ಯಾರ ಮಾರಿ ನೋಡಿಕೊಂಡು ಇರಲಿ? ಬಿಡು, ನಿನ್ನ ಕಾಲ ಬೀಳ್ತೇನಿ, ಬಿಟ್ಟು ಹೋಗು...’ ಅಂತ.

“ಏಳು ಹೊಲಿಗಿ. ಐದನೇದ್ದು ಹಾಕೋವಾಗ ಕಿಸೆ ಒಳಗಿಂದ ಉಬ್ಬಿ ಬಂತು, ಬೆರಳ ತುದಿ ಬಾಯಿ ಹುಡುಕಿದಂಗ ಅಲ್ಲೊಂದು ಇಲ್ಲೊಂದು ಎದ್ದು ಕಾಣತಿತ್ತು. ಅವ್ವ ಕಣ್ಣ ಮುಚ್ಚಿಕೊಂಡು ಉಳದೆರಡೂ ಹಾಕಿ ಗಂಟ ಬಿಗದ್ಳು. ಆಮ್ಯಾಲ ಅದು ಅಲುಗಾಡಲಿಲ್ಲ.”

ಮೋಂಬತ್ತಿ ಅರ್ಧ ಕರಗಿತ್ತು, ಎದ್ದು ಬೇರೊಂದು ಹಚ್ಚಬೇಕು ಅನ್ನಿಸಿದರೂ ಸುಗಂಧಾ ಏಳಲಿಲ್ಲ.

“ಒಂದು ತಿಂಗಳ ಮ್ಯಾಲ ಮುನ್ಶಿ ಸಾಹೇಬ್ರು ಮನಿಗಿ ಬಂದ್ರು. ‘ಯಾಕವಾ ಕೌಸಲ್ಯಾಬಾಯಿ, ಕಾಶೀರಾಮ ಬೇಟಿ ಹೆಸರು ಸಾಲ್ಯಾಗ ಬರಸಿ ಹೋಗ್ಯಾನ, ನಾನೇ ಜೋಡಿ ಹೋಗಿದ್ದೆ. ಮಾಸ್ತರ ದಿನಾ ಹಾಜರಿ ಕೂಗತಾರ, ಹುಡುಗಿ ಬರವಲ್ಲಳು’ ಅಂದ್ರು. ಅವ್ವ ‘ಯಾವ ಸಾಲಿ?’ ಅಂದ್ಳು. ‘ಅರೆ, ಔರಾದ ದಾರಿ ಹುಣಸಿ ಮರ ದಾಟಿದ್ರ ಹೊಸಾ ಮದರಸಾ ಇಲ್ಲೇನು? ಕನ್ನಡದಾಗ ಅದಕ ಸಾಲಿ ಅಂತಾರ. ಇನ್ನ ಮ್ಯಾಲ ನಾವೆಲ್ಲ ಹಂಗೇ ಅನ್ನಬೇಕು’ ಅಂತ ನಕ್ಕರು.

“ನಮ್ಮವ್ವ ಹೊಸ್ತಿಲ ಮ್ಯಾಲ ಕುಂತು ಬಿಟ್ಳು. ಇನ್ನ ಹತ್ತು ಮಾರು... ಹತ್ತು ಮಾರು ಬಿಟ್ಟಿದ್ರ ಅಂವಾ ನನ್ನ ಬಾಗಿಲಿಗಿ ಮುಟ್ಟಿಸಿ ಹೋಗ್ತಿದ್ದ. ಕೊಟ್ಟ ಮಾತು ನಡಸಬೇಕಂತ ಬಂದ ಮನಷಾ. ಅವನ ಕೈ ಹಿಡದು ಒಳಗ ಹಾಕಿ ಆಕಿನೇ ಬಾಯಿ ಹೊಲದಿದ್ಳು.

“ಆ ದಿನ ಸಂಜಿ ಫರಾಕು ತೊಡಿ ಮ್ಯಾಲ, ಬ್ಲೇಡು ಕೈಯಾಗ. ಕುಂತ್ಳು, ಕುಂತ್ಳು, ದೀಪ ಹಚ್ಚೋ ಹೊತ್ತಾತು, ಒಂದು ಹೊಲಿಗಿ ಬಿಚ್ಚಲಿಲ್ಲ. ‘ಬಿಚ್ಚು ಅವ್ವಾ’ ಅಂದೆ. ಆಕಿ ಅಂದದ್ದು ಇವತ್ತಿಗೂ ನನ್ನ ಕಿವ್ಯಾಗದ. ‘ಬಾಗೀ, ಬಿಚ್ಚಿದ ಮ್ಯಾಲ ಒಳಗ ಏನೂ ಇಲ್ಲಂದ್ರ? ಹೊಲದಿದ್ರ ಅಂವ ಅದಾನ ಅಂತರೆ ಇರ್ತದ’ ಅಂದ್ಳು.

“ಮರುದಿನ ಆಕಿನೇ ನನ್ನ ಕೈ ಹಿಡದು ಸಾಲಿಗಿ ಬಿಟ್ಟು ಬಂದ್ಳು. ಮಾಸ್ತರು ಹೆಸರು ಕೂಗಿದ್ರು, ನಾ ‘ಹಾಜಿರ್’ ಅಂದೆ. ಅಲ್ಲಿಂದ ಹಿಡದು ಸಾಯೋ ತನಕಾ, ವರ್ಷಾ ರಿಜಲ್ಟ್ ಬಂದ ದಿನ ಫರಾಕು ಟ್ರಂಕಿನಿಂದ ತಗದು, ಕಿಸೆ ಮ್ಯಾಲ ಕೈ ಇಟ್ಟು, ‘ಬಾಗಿ ಮೂರನೇತ್ತಾ ಪಾಸಾದ್ಳು ನೋಡ್ರಿ... ಏಳನೇತ್ತಾ ಪಾಸಾದ್ಳು ನೋಡ್ರಿ’ ಅಂತ ಹೇಳ್ತಿದ್ಳು. ನನಗ ಮಾಸ್ತರಕಿ ನೌಕರಿ ಆರ್ಡರು ಬಂದಾಗ ನನ್ನ ಬಾಯಿ ಸೀ ಮಾಡಲಿಲ್ಲ, ಮೊದಲ ಓಡಿದ್ದು ಟ್ರಂಕಿನ ಕಡಿ. ಮಾಫ್ ಮಾಡ್ರಿ ಅಂತ ಮಾತ್ರ ಒಂದಿನಾನೂ ಅನ್ನಲಿಲ್ಲ. ಅಂದ್ರ ಅಂವ ಖರೇನೇ ಒಳಗದಾನ ಅಂತ ಆಗ್ತಿತ್ತಲ್ಲ... ಅದು ಆಕಿಗಿ ತಡಕೊಳ್ಳಿಕ್ಕೆ ಆಗ್ತಿದ್ದಿಲ್ಲ. ಸಾಯೋವಾಗ ನನ್ನ ಕರದು, ‘ಅದನ್ನ ನನ್ನ ಜೋಡಿ ಇಡಬ್ಯಾಡ. ಅಂವಗ ಇನ್ನ ಒಂದು ಕೆಲಸ ಉಳದದ’ ಅಂದ್ಳು.”

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಕನ್ನಡಕವನ್ನೂ ಒರೆಸಿದಳು. ಖುರ್ಷಿದ ಬೇಗಂ ಮೂಗು ಒರೆಸಿಕೊಳ್ಳುತ್ತ, “ಆ ಫರಾಕು ಈಗ ಎಲ್ಲದರೀ ಆಯೀ?” ಎಂದಳು.

“ಫರಾಕು ಹುಳ ತಿಂದು ಹೋತು. ಕಿಸೆ ಅಷ್ಟೇ ಉಳದಿತ್ತು. ನಿನ್ನಿ ಈ ಪೋರಿ ಸಾಲಿಗಿ ಒಲ್ಲೆ ಅಂತ ಚೀರೋದು ಕೇಳಿ, ನಾ ಇನ್ನ ಎಷ್ಟು ದಿನ ಇರಾಕಿ ಅನ್ಕೊಂಡು, ಬ್ಲೇಡು ತಗೊಂಡು ಕುಂತೆ. ಆರು ಹೊಲಿಗಿ ನಾ ಬಿಚ್ಚಿದೆ.” ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. “ಏಳನೇದ್ದು ನಾ ಬಿಚ್ಚಿಲ್ಲ. ಅದು ಒಳಗಿಂದೇ ಬಿಚ್ಚಿತು.”

ಖುರ್ಷಿದ ಬೇಗಂ ಮಕ್ಕಳಿಬ್ಬರನ್ನೂ ಹತ್ತಿರ ಎಳೆದುಕೊಂಡಳು.

“ನಾ ಕೈ ಹಾಕಿ ನೋಡಲಿಲ್ಲ. ಧೈರ್ಯ ಆಗಲಿಲ್ಲವಾ, ನಾನೂ ನಮ್ಮವ್ವನ ಮಗಳೇ. ತೊಳದು, ಒಣಗಿಸಿ, ಈಕಿ ಫರಾಕಿಗಿ ಹಚ್ಚಿಬಿಟ್ಟೆ... ಅಲ್ಲಾ ಸುಗಂಧಾ, ಇಷ್ಟು ಮಂದಿ ಕುಂತೀರಿ, ಯಶೂ ಅಳೋದು ನಿಂತು ಎಷ್ಟೊತ್ತಾತು, ಒಬ್ಬರರೆ ನೋಡಿದ್ರೇನು?”

ಸುಗಂಧಾ ಗಕ್ಕನೆ ತಿರುಗಿದಳು. ಯಶೂ ಚೌಕಟ್ಟು ಬಿಟ್ಟಿದ್ದಳು. ಹೊಸ್ತಿಲ ಮೇಲೆ ಮಳೆಗೆ ಮುಖ ಮಾಡಿ, ಬಲಗಡೆಗೆ ತುಸು ವಾಲಿ ನಿಂತಿದ್ದಳು. ಬಲಗೈ ಮಣಿಕಟ್ಟಿನ ತನಕ ಆ ಹಳದಿ ಕಿಸೆಯೊಳಗಿತ್ತು. ಅಷ್ಟು ಸಣ್ಣ ಕೈಗೆ ಕಿಸೆ ತುಂಬಾ ಉಬ್ಬಿತ್ತು. ಹುಡುಗಿ ಬಲಕ್ಕೆ, ಎತ್ತರಕ್ಕೆ ಮುಖವೆತ್ತಿ, ದೊಡ್ಡವರ ಮಾತು ಕೇಳುವಂತೆ ಕೇಳಿಸಿಕೊಂಡು, ಹೂಂ ಎಂದು ತಲೆ ಆಡಿಸಿದಳು.

“ಮಮ್ಮೀ, ನನ್ನ ಬೂಟು ಕೊಡು” ಎಂದಳು.

ಆಯಿ ಕೂತಲ್ಲಿಂದಲೇ, ಅರವತ್ತು ಮಕ್ಕಳ ತರಗತಿಗೆ ಕೇಳುವ ತನ್ನ ಹಳೆಯ ದನಿಯಲ್ಲಿ ಹೇಳಿದಳು.

“ಯಶೂ, ಇವತ್ತ ಐತವಾರ, ಸಾಲಿ ಸೂಟಿ ಅದ ಅಂತ ಹೇಳವಾ ನಮ್ಮಪ್ಪಗ. ನಾಳಿ ಹೋಗ್ರಿ... ಇಬ್ಬರೂ.”